ಗಂಡನಾಗಿ, ಅಪ್ಪನಾಗಿ ಅಣ್ಣಾವ್ರು

ಮಾನ್ಯ ಸಂಪಾದಕರೇ,

ಏಪ್ರಿಲ್ 12 ಬಂದರೆ ಡಾ. ರಾಜ್‌ಕುಮಾರ್ ಅವರ ಪಾತ್ರಗಳ ಮಾತೇ ಜಾಸ್ತಿ. ಅವರು ಐದು ಮಕ್ಕಳ ಅಪ್ಪ, ಮೊಮ್ಮಕ್ಕಳ ತಾತ ಕೂಡ ಅಲ್ವಾ? ಪರದೆಯ ಮೇಲೆ ರಾಜನಾಗಿ ಮೆರೆದವರು, ಚಿತ್ರ ನಿರ್ಮಾಣದ ಹೊಣೆಯನ್ನು ಪತ್ನಿ ಪಾರ್ವತಮ್ಮನವರ ಕೈಗೆ ಬಿಟ್ಟಿದ್ದರು. ಹೆಂಡತಿಯ ತೀರ್ಮಾನವನ್ನು ಅಷ್ಟು ನಂಬುವ ಗಂಡಸರು ಆಗ ಅಪರೂಪ. ಈಗಲೂ ಸುಲಭಕ್ಕೆ ಸಿಗುವುದಿಲ್ಲ ಬಿಡಿ.

2006ರಲ್ಲಿ ಅವರು ತೀರಿಕೊಂಡಾಗ ಕಣ್ಣು ದಾನವಾಯಿತು. 2017ರಲ್ಲಿ ಪಾರ್ವತಮ್ಮ, 2021ರಲ್ಲಿ ಕಿರಿಯ ಮಗ ಪುನೀತ್ ಅವರದೂ ಹಾಗೆಯೇ. ಪುನೀತ್ ಹೋದ ಮೇಲೆ ಎಷ್ಟೋ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಪುಣ್ಯತಿಥಿಗೆ ಹಾರ, ಕಟೌಟ್ ಇರಲಿ, ಬೇಡ ಅನ್ನುವುದಿಲ್ಲ. ಜೊತೆಗೆ ಅಭಿಮಾನಿ ಸಂಘಗಳು ಊರೂರಲ್ಲೂ ನೇತ್ರದಾನದ ನೋಂದಣಿಗೆ ಒಂದು ಮೇಜು ಹಾಕಲಿ.

– ಓದುಗ, ಮೈಸೂರು