ಎರಡು ಸ್ಟಾರ್ ಕೊಟ್ಟ ಮಗಳಿಗೆ

ಪ್ರೀತಿಯ ಕೂಸಿಗೆ,

ಮೊನ್ನೆ ಫೋನಲ್ಲಿ ನೀನು 'ಶರಪಂಜರ ಅರ್ಧ ನೋಡಿದೆ ಅವ್ವಾ, ಭಾಳ ಓವರ್ ಆ್ಯಕ್ಟಿಂಗ್, ಎರಡು ಸ್ಟಾರ್' ಅಂದೆ. ಕುಕ್ಕರ್ ಕೂಗುತ್ತಿತ್ತು, ಹ್ಞೂಂ ಅಂದು ಇಟ್ಟುಬಿಟ್ಟೆ. ಆದರೆ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಫೋನಲ್ಲಿ ಹೇಳಲಾಗದ್ದು ಒಂದಿಷ್ಟು ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ನೋಡಿದಾಗ ನಾನೂ ನಕ್ಕಿದ್ದೆ. ಪಿಯುಸಿ ಓದುತ್ತಿದ್ದೆ, ಇದೇ ಕಲಬುರಗಿಯಲ್ಲಿ, ಆಗ ಗುಲಬರ್ಗಾ ಅನ್ನುತ್ತಿದ್ದೆವು. ಹಳೇ ಸಿನಿಮಾಗಳನ್ನು ಮಾರ್ನಿಂಗ್ ಶೋಗೆ ಹಾಕುತ್ತಿದ್ದರು. ಲೇಡೀಸ್ ಕೌಂಟರ್ ಅಂದರೆ ಗೋಡೆಯಲ್ಲೊಂದು ಸಣ್ಣ ಕಿಂಡಿ, ಒಳಗೆ ಹಾಕಿದ ಕೈ ಹೊರಗೆ ಬರುವಷ್ಟರಲ್ಲಿ ಎರಡು ಬಳೆ ಒಡೆದಿರುತ್ತಿದ್ದವು. ಹೊರಗೆ ಕಲ್ಲು ಕಾಯುವ ಬಿಸಿಲು, ಒಳಗೆ ಫ್ಯಾನ್ ಕೆಳಗಿನ ಸೀಟಿಗೆ ಜಗಳ. ತೆರೆ ಮೇಲೆ ನಾಯಕಿ ಕಲ್ಪನಾ ಕೂಗಿದಾಗ ನಾವು ನಾಲ್ಕು ಗೆಳತಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕೆವು. ಹೊರಗೆ ಬಂದು 'ಬೋರ್' ಅಂದೆವು, ಮುಗೀತು.

ಆಮೇಲೆ ನೀನು ಹುಟ್ಟಿದೆ. ಮೇ ತಿಂಗಳು. ಬಾಣಂತಿಗೆ ಫ್ಯಾನ್ ಹಾಕಬಾರದು, ಕಿವಿಗೆ ಬಟ್ಟೆ, ಮಂಚದ ಕೆಳಗೆ ಕೆಂಡ. ಅದನ್ನಾದರೂ ತಡೆದುಕೊಂಡೆ. ನೀನು ಅತ್ತರೆ ನನಗೆ ಏನೂ ಅನಿಸುತ್ತಿರಲಿಲ್ಲ, ಪಕ್ಕದ ಮನೆ ಕೂಸು ಅತ್ತ ಹಾಗೆ, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ನಿದ್ದೆ ಇಲ್ಲ, ಸುಮ್ನೆ ಕಣ್ಣಲ್ಲಿ ನೀರು. ಗಾಳಿ ಸೋಕಿದೆ ಅಂದರು, ಶರಣಬಸವೇಶ್ವರ ಗುಡಿಗೆ ಕರೆದೊಯ್ದರು, ಬಂದೇನವಾಜ್ ದರ್ಗಾದಿಂದ ದಾರ ತಂದು ಕಟ್ಟಿದರು. ಯಾರದೂ ಕೆಟ್ಟ ಮನಸ್ಸಲ್ಲ. ಡಾಕ್ಟರ ಹತ್ತಿರ ಹೋದದ್ದು ಮೂರು ತಿಂಗಳ ಮೇಲೆ. ಇದನ್ನು ಓದಿ ನೀನು ನೊಂದುಕೊಳ್ಳಬೇಡ, ನಿನ್ನಿಂದ ಆದದ್ದಲ್ಲ ಅದು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಟಿವಿಯಲ್ಲಿ ಶರಪಂಜರ ಬಂತು. ಕಲ್ಪನಾ ಮಾಡಿದ ಕಾವೇರಿ ಹುಚ್ಚಾಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಕಾಯಿಲೆ ವಾಸಿಯಾಗಿದೆ, ಆದರೆ ನೋಡುವವರ ಕಣ್ಣಲ್ಲಿ ವಾಸಿಯಾಗಿಲ್ಲ. ನಾನು ನಿನ್ನನ್ನು ಎತ್ತಿಕೊಂಡಾಗಲೆಲ್ಲ ನಿನ್ನ ಅಜ್ಜಿ ಎರಡೂ ಕೈ ಚಾಚಿಕೊಂಡು ಪಕ್ಕದಲ್ಲೇ ನಿಲ್ಲುತ್ತಿದ್ದಳು, ಎಲ್ಲಿ ಬೀಳಿಸಿಬಿಡುತ್ತೇನೋ ಅಂತ. ಕಲ್ಪನಾ ಮುಖ ನೋಡುತ್ತಾ ನನಗೆ ಆ ಚಾಚಿದ ಕೈಗಳೇ ಕಂಡವು. ಅಷ್ಟರಲ್ಲಿ ಅಜ್ಜಿ ಬಂದು 'ಬಾಣಂತಿ ಇಂಥದ್ದೆಲ್ಲ ನೋಡಬಾರದು' ಅಂತ ಟಿವಿ ಆರಿಸಿದಳು. ಕೊನೆ ನೋಡಿದ್ದು ವರ್ಷದ ಮೇಲೆ, ನೀನು ಮಲಗಿದಾಗ, ಸೌಂಡ್ ಸಣ್ಣಗೆ ಇಟ್ಟುಕೊಂಡು. ಆ ಸಲ ನಗು ಬರಲಿಲ್ಲ.

ಕಥೆ ಕಾದಂಬರಿಗಾರ್ತಿ ತ್ರಿವೇಣಿಯವರದು, ಮನಃಶಾಸ್ತ್ರ ಓದಿದವರು. 1963ರಲ್ಲಿ, ಹೆರಿಗೆಯಾಗಿ ಕೆಲವೇ ದಿನಕ್ಕೆ ತೀರಿಕೊಂಡರು, ಇನ್ನೂ 34 ವಯಸ್ಸು. ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದು 1971ರಲ್ಲಿ, ಅದನ್ನು ನೋಡಲು ಅವರಿರಲಿಲ್ಲ. ಹೆರಿಗೆಯಾದ ಮೇಲೆ ಮನಸ್ಸು ಹೀಗೂ ಆಗುತ್ತದೆ ಅಂತ ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಅವರು ಅಷ್ಟು ವರ್ಷ ಮೊದಲೇ ಬರೆದಿಟ್ಟಿದ್ದರು.

ಕೂಗಾಟ ಜಾಸ್ತಿ ಅನ್ನುವ ನಿನ್ನ ಮಾತು ಸುಳ್ಳಲ್ಲ. ನನ್ನ ತಕರಾರು ಅದಕ್ಕಿಂತ ದೊಡ್ಡದು. ಮದುವೆಗೆ ಮುಂಚೆ ನಡೆದ ಒಂದು ವಿಷಯ, ಅದರ ಅಳುಕು, ಅದೇ ಕಾವೇರಿಯ ಮನಸ್ಸು ಕೆಡಿಸಿತು ಅನ್ನುವ ಹಾಗೆ ಕಥೆ ಸಾಗುತ್ತದೆ. ಬಾಣಂತಿ ಕುಸಿಯಲು ಒಂದು ಗುಟ್ಟೇ ಬೇಕಾ? ನನ್ನ ಹತ್ತಿರ ಯಾವ ಗುಟ್ಟೂ ಇರಲಿಲ್ಲ. ಅಲ್ಲಿ ಸಿನಿಮಾ ಎಡವಿದೆ ಅಂತಲೇ ಇವತ್ತಿಗೂ ನನಗೆ ಅನಿಸುತ್ತದೆ. ಆದರೆ ಗಂಡನ ವಿಷಯದಲ್ಲಿ ಎಡವಿಲ್ಲ. ಅವಳ ಹಳೇ ಮಾತಿಗೆ ಮುಖ ತಿರುಗಿಸಿದವನೇ ಇತ್ತ ಆಫೀಸಿನ ಹೆಂಗಸಿನ ಜೊತೆ ಸಂಬಂಧ ಇಟ್ಟುಕೊಂಡಿರುತ್ತಾನೆ, ಅದು ಗೊತ್ತಾದಾಗ ಕಾವೇರಿ ಮತ್ತೆ ಮುರಿಯುತ್ತಾಳೆ. ನೀನು ಅಲ್ಲಿಗೆ ಬರುವ ಮೊದಲೇ ಬಂದ್ ಮಾಡಿದ್ದೀಯ. ನಾನು ನೋಡಿದ್ದೂ, ಒಪ್ಪದ್ದೂ ಇಷ್ಟಿದೆ, ಎರಡು ಸ್ಟಾರಿನಲ್ಲಿ ಇದು ಎಲ್ಲಿ ಹಿಡಿಯಬೇಕು ಹೇಳು?

ಉಳಿದರ್ಧ ನೋಡು. ಫೋನಲ್ಲಿ ಬೇಡ, ರೂಮಿನ ಟಿವಿಯಲ್ಲಿ, ಓಡಿಸದೆ. ಆಮೇಲೂ ಓವರ್ ಅನಿಸಿದರೆ ಹಾಗೇ ಹೇಳು, ನನಗೇನೂ ಬೇಜಾರಿಲ್ಲ. ಯಾವ ದೃಶ್ಯದಲ್ಲಿ ಅನಿಸಿತು ಅಂತ ಮಾತ್ರ ಬರೆದಿಟ್ಟುಕೋ. ದಸರಾಕ್ಕೆ ಬಂದಾಗ ಅದನ್ನೇ ಹಾಕಿಕೊಂಡು ಇಬ್ಬರೂ ಕೂರೋಣ, ಅಜ್ಜಿಯನ್ನೂ ಕೂರಿಸಿಕೊಂಡು.

ನಿನ್ನ ಅವ್ವ