ಪುಡಿ ಇಂಜೆಕ್ಷನ್: ಸಿರಿಂಜಿನ ಮುಚ್ಚಳದ ಬಣ್ಣ ನೋಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಬೀದಿಯ ಹಿರಿಯರೊಬ್ಬರು ಸಂಜೆ ಮನೆಗೆ ಬಂದು, ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಪುಟ್ಟ ವಯಲ್ ಒಂದನ್ನು ಮೇಜಿನ ಮೇಲಿಟ್ಟು, “ಸಿಸ್ಟರ್, ಇದನ್ನು ಕಲಸಿ ಚುಚ್ಚಿಬಿಡಿ, ರೋಗನಿರೋಧಕ ಶಕ್ತಿ ಹೆಚ್ಚುತ್ತದಂತೆ” ಎಂದರು. ಗಾಜಿನ ತಳದಲ್ಲಿ ಬಿಳಿ ಪುಡಿ ಬಿಲ್ಲೆಯಂತೆ ಅಂಟಿಕೊಂಡಿತ್ತು. ಚೀಟಿಯಲ್ಲಿ ‘ಥೈಮೋಸಿನ್ ಆಲ್ಫಾ-1, 10 ಮಿ.ಗ್ರಾಂ’ ಎಂದೂ ಅದರಡಿ ಸಣ್ಣ ಅಕ್ಷರದಲ್ಲಿ ‘ಸಂಶೋಧನೆಯ ಬಳಕೆಗೆ ಮಾತ್ರ’ ಎಂದೂ ಇಂಗ್ಲಿಷಿನಲ್ಲಿ ಅಚ್ಚಾಗಿತ್ತೇ ಹೊರತು, ತಯಾರಿಕಾ ಪರವಾನಗಿ ಸಂಖ್ಯೆಯಾಗಲಿ, ಬ್ಯಾಚ್ ಸಂಖ್ಯೆಯಾಗಲಿ, ಅವಧಿ ಮುಗಿಯುವ ದಿನಾಂಕವಾಗಲಿ ಇರಲಿಲ್ಲ. ಮಗ ಆನ್‌ಲೈನಿನಲ್ಲಿ ತರಿಸಿದ್ದನಂತೆ. 2 ಮಿ.ಲೀ. ನೀರು ಬೆರೆಸಿ 32 ಯೂನಿಟ್ ಎಳೆದುಕೊಳ್ಳಬೇಕೆಂಬ ಸೂಚನೆ ಮೊಬೈಲಿನಲ್ಲಿತ್ತು. ಮೂಲೆಯ ಮೆಡಿಕಲ್ ಶಾಪಿನಿಂದ ಕೊಂಡು ತಂದಿದ್ದ ಕೆಂಪು ಮುಚ್ಚಳದ ಇನ್ಸುಲಿನ್ ಸಿರಿಂಜು ಅವರ ಕೈಯಲ್ಲಿತ್ತು.

ಆ ಕೆಂಪು ಮುಚ್ಚಳವನ್ನು ನೋಡಿಯೇ ಈ ಪತ್ರ ಬರೆಯಬೇಕೆನಿಸಿತು. ನಮ್ಮಲ್ಲಿ ವಯಲಿನ ಇನ್ಸುಲಿನ್ ಹೆಚ್ಚಾಗಿ ಯು-40 ಬಗೆಯದು; ಅದಕ್ಕೆ ಹೊಂದುವ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 40 ಯೂನಿಟ್ ಎಂದರೆ 1 ಮಿ.ಲೀ. ಅಮೆರಿಕ ಮೊದಲಾದ ಕಡೆ ಬಳಕೆಯಲ್ಲಿರುವ, ಇಲ್ಲಿಯೂ ಸಿಗುವ ಕಿತ್ತಳೆ ಮುಚ್ಚಳದ ಯು-100 ಸಿರಿಂಜಿನಲ್ಲಿ 1 ಮಿ.ಲೀ.ಗೆ 100 ಯೂನಿಟ್. ಆ ಹಿರಿಯರ ಲೆಕ್ಕವನ್ನೇ ತೆಗೆದುಕೊಳ್ಳೋಣ. 10 ಮಿ.ಗ್ರಾಂ ಪುಡಿಗೆ 2 ಮಿ.ಲೀ. ನೀರು ಬೆರೆಸಿದರೆ ಪ್ರತಿ ಮಿ.ಲೀ.ಯಲ್ಲಿ 5 ಮಿ.ಗ್ರಾಂ ಔಷಧವಿರುತ್ತದೆ. ಯು-100 ಸಿರಿಂಜಿನಲ್ಲಿ 32ರ ಗೆರೆಯವರೆಗೆ ಎಳೆದರೆ 0.32 ಮಿ.ಲೀ., ಅಂದರೆ 1.6 ಮಿ.ಗ್ರಾಂ. ಅದೇ 32ರ ಗೆರೆಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹಿಡಿದರೆ 0.8 ಮಿ.ಲೀ., ಅಂದರೆ 4 ಮಿ.ಗ್ರಾಂ ಮೈಸೇರುತ್ತದೆ. ಗೆರೆ ಒಂದೇ, ಔಷಧ ಎರಡೂವರೆ ಪಟ್ಟು! ಇನ್ಸುಲಿನ್ ‘ಯೂನಿಟ್’ ಎಂಬುದು ಇನ್ಸುಲಿನ್‌ಗೆ ಮಾತ್ರ ಅರ್ಥವುಳ್ಳ ಅಳತೆ. ಬೇರೆ ಔಷಧಕ್ಕೆ ಅದನ್ನು ಬಳಸಿದಾಗ ಸಿರಿಂಜು ಯಾವುದೆಂದು ತಿಳಿಯದೆ ಪ್ರಮಾಣ ತಿಳಿಯುವುದಿಲ್ಲ.

ಥೈಮೋಸಿನ್ ಆಲ್ಫಾ-1 ಸುಳ್ಳು ಔಷಧವೆಂದು ನಾನು ಹೇಳುತ್ತಿಲ್ಲ. ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯಿಂದ 1970ರ ದಶಕದಲ್ಲಿ ಬೇರ್ಪಡಿಸಲಾದ, 28 ಅಮೈನೋ ಆಮ್ಲಗಳ ಪೆಪ್ಟೈಡ್, ಅಂದರೆ ಪುಟ್ಟ ಪ್ರೋಟೀನಿನಂಥ ಸರಪಳಿ ಅದು. ‘ಜಡಾಕ್ಸಿನ್’ ಎಂಬ ಹೆಸರಿನಲ್ಲಿ ಚೀನಾ ಸೇರಿದಂತೆ ಹಲವು ದೇಶಗಳಲ್ಲಿ ಹೆಪಟೈಟಿಸ್ ಬಿ ರೋಗಿಗಳಿಗೆ 1.6 ಮಿ.ಗ್ರಾಂನಂತೆ ವಾರಕ್ಕೆ ಎರಡು ಬಾರಿ, ಮೂರು ನಾಲ್ಕು ದಿನಗಳ ಅಂತರದಲ್ಲಿ ಚರ್ಮದ ಅಡಿಗೆ ಕೊಡುತ್ತಾರೆ. ಜಡಾಕ್ಸಿನ್ ವಯಲಿನಲ್ಲಿ ಒಂದೇ ಡೋಸ್ ಇರುತ್ತದೆ, ಜೊತೆಗೆ 1 ಮಿ.ಲೀ. ಶುದ್ಧ ನೀರು ಬರುತ್ತದೆ, ಕಲಸಿದ ಕೂಡಲೇ ಕೊಟ್ಟು ಮುಗಿಸಬೇಕು. ಹೀಗಾಗಿ ಲೆಕ್ಕ ತಪ್ಪುವ ಪ್ರಸಂಗವೇ ಇಲ್ಲ. ಆದರೆ ಎಲ್ಲ ಸೋಂಕಿಗೂ ಇದು ರಾಮಬಾಣವಲ್ಲ. ಚೀನಾದಲ್ಲಿ 1,106 ಸೆಪ್ಸಿಸ್ (ಸೋಂಕು ವಿಷಮಿಸಿ ಅಂಗಾಂಗಗಳು ಕೆಡುವ ಸ್ಥಿತಿ) ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧ ಪಡೆದವರಿಗೂ ಪಡೆಯದವರಿಗೂ 28 ದಿನಗಳ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೂತ್ರಪಿಂಡ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿರುವವರಂತೂ ಇದರ ಗೊಡವೆಗೆ ಸ್ವಂತ ಬುದ್ಧಿಯಿಂದ ಹೋಗಲೇಬಾರದು.

ವೈದ್ಯರೇ ಬರೆದುಕೊಟ್ಟಾಗಲೂ ಕಲಸುವುದರಲ್ಲಿ ಆತುರ ಸಲ್ಲದು. ರಬ್ಬರ್ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಆರಲು ಬಿಡಬೇಕು. ನೀರನ್ನು ಪುಡಿಯ ಮೇಲೆ ರಭಸವಾಗಿ ಬಿಡದೆ ಗಾಜಿನ ಒಳಗೋಡೆಯ ಮೇಲೆ ನಿಧಾನವಾಗಿ ಇಳಿಸಬೇಕು. ನೊರೆ ಬರುವಂತೆ ಕುಲುಕದೆ, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದರೆ ಸಾಕು. ಕರಗಿದ ಮೇಲೆ ಮಬ್ಬಾಗಿದ್ದರೆ ಅಥವಾ ಕಣಗಳು ತೇಲಿದರೆ ಎಸೆಯಬೇಕು, ಎಷ್ಟೇ ದುಬಾರಿಯಾಗಿದ್ದರೂ ಸರಿ. ಇಂಜೆಕ್ಷನ್ ನೀರು ಎಂದು ಅಂಗಡಿಯಲ್ಲಿ ಕೊಡುವ ಸಾಮಾನ್ಯ ಆಂಪೂಲಿನಲ್ಲಿ ಕ್ರಿಮಿ ಬೆಳೆಯದಂತೆ ತಡೆಯುವ ಯಾವ ಪದಾರ್ಥವೂ ಇರುವುದಿಲ್ಲ. ಅದರಲ್ಲಿ ಕಲಸಿದ ಔಷಧವನ್ನು ಹಾಲು, ಮೊಸರಿನ ಪಕ್ಕದಲ್ಲಿ ಫ್ರಿಜ್ಜಿನಲ್ಲಿಟ್ಟು ವಾರಗಟ್ಟಲೆ ಚುಚ್ಚಿಕೊಳ್ಳುವುದು ಸೋಂಕನ್ನು ಕೈಯಾರೆ ಕರೆತಂದಂತೆ. ಮೂವತ್ತು ವರ್ಷಕ್ಕೂ ಮಿಗಿಲಾದ ನನ್ನ ವಾರ್ಡಿನ ಕೆಲಸದಲ್ಲಿ ಚುಚ್ಚಿದ ಜಾಗ ಕೀವುಗಟ್ಟಿ ನರಳಿದವರನ್ನು ಕಂಡಿರುವುದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆ ಹಿರಿಯರಿಗೆ ನಾನು ಇಂಜೆಕ್ಷನ್ ಕೊಡಲಿಲ್ಲ. ಬೇಸರಪಟ್ಟುಕೊಂಡರಾದರೂ, ಮರುದಿನ ವಯಲನ್ನು ಹಿಡಿದುಕೊಂಡೇ ತಮ್ಮ ವೈದ್ಯರ ಬಳಿ ಹೋಗಿಬಂದರು.

ವೈದ್ಯರಲ್ಲಿ ನನ್ನ ವಿನಂತಿಯೆಂದರೆ, ಇಂಥ ಔಷಧಗಳ ಚೀಟಿಯಲ್ಲಿ ಯೂನಿಟ್ ಎಂದು ಬರೆಯದೆ ಮಿ.ಗ್ರಾಂ ಮತ್ತು ಮಿ.ಲೀ. ಎರಡನ್ನೂ ಬರೆಯಬೇಕು. ಇನ್ಸುಲಿನ್ ಸಿರಿಂಜು ಕೇಳಿ ಬಂದವರನ್ನು ಔಷಧ ಅಂಗಡಿಯವರು “ಯಾವ ಔಷಧಕ್ಕೆ, ಕೆಂಪೋ ಕಿತ್ತಳೆಯೋ?” ಎಂದು ವಿಚಾರಿಸಿಯೇ ಕೊಡಬೇಕು. ಪರವಾನಗಿ ಸಂಖ್ಯೆಯಿಲ್ಲದೆ ಅಂಚೆ, ಕೊರಿಯರ್‌ನಲ್ಲಿ ಮನೆ ಸೇರುತ್ತಿರುವ ಇಂಥ ವಯಲ್‌ಗಳ ಮೂಲವನ್ನು ಔಷಧ ನಿಯಂತ್ರಣ ಅಧಿಕಾರಿಗಳು ಪತ್ತೆಹಚ್ಚಿ, ಮಾರಾಟವನ್ನು ತಡೆಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ನಿವೃತ್ತ ಶುಶ್ರೂಷಾಧಿಕಾರಿ, ದಾವಣಗೆರೆ