ಇಂಗ್ಲೆಂಡಿನ ಹಳ್ಳಿಯಲ್ಲೊಂದು ಕಾಶಿ ರಾಜನ ಬಾವಿ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನಿನ್ನ ತೋಟದ ಬೋರ್‌ವೆಲ್ ಮತ್ತೆ ಕೈಕೊಟ್ಟಿತು ಅಂದೆಯಲ್ಲ, ಅದೇ ಗುಂಗಿನಲ್ಲಿದ್ದಾಗ ಈ ಊರಿಗೆ ಹೋಗಿಬಂದೆ. ನಿನಗೆ ಬರೆಯದೆ ಇರಲು ಆಗಲಿಲ್ಲ.

ಊರಿನ ಹೆಸರು ಸ್ಟೋಕ್ ರೋ. ಆಕ್ಸ್‌ಫರ್ಡ್‌ಶೈರ್‌ನಲ್ಲಿ, ಚಿಲ್ಟರ್ನ್ ಗುಡ್ಡಗಳ ಮೇಲಿದೆ. ಸುತ್ತ ಬೀಚ್ ಅನ್ನುವ ಜಾತಿಯ ಮರಗಳ ಕಾಡು, 1846ರಲ್ಲಿ ಕಟ್ಟಿದ ಪುಟ್ಟ ಚರ್ಚು, ಒಂದು ಹಳೇ ಪಬ್ಬು. ಇಷ್ಟೇ ಆಗಿದ್ದರೆ ಕಾರು ನಿಲ್ಲಿಸುತ್ತಲೂ ಇರಲಿಲ್ಲ. ಆದರೆ ರಸ್ತೆ ಪಕ್ಕದಲ್ಲೇ ಒಂದು ಗುಮ್ಮಟ ಕಂಡಿತು. ಅದರ ಕೆಳಗೆ ನೀರು ಸೇದುವ ಕಬ್ಬಿಣದ ಯಂತ್ರ, ಯಂತ್ರದ ಮೇಲೆ ಚಿನ್ನದ ಬಣ್ಣದ ಆನೆ! ಕಟ್ಟಿಸಿದವನು ಕಾಶಿಯ ಮಹಾರಾಜ ಈಶ್ವರಿ ಪ್ರಸಾದ್ ನಾರಾಯಣ್ ಸಿಂಗ್ ಕಣೋ.

ದಿನಾ ಮಳೆ ಬರುವ ದೇಶದಲ್ಲಿ ನೀರಿಗೇನು ಬರ ಅಂತ ನಗಬೇಡ. ನಾನೂ ಮೊದಲು ನಕ್ಕವನೇ. ಈ ಗುಡ್ಡಗಳ ಒಳಗೆಲ್ಲ ಸೀಮೆಸುಣ್ಣದಂಥ ಮೆದುಕಲ್ಲು. ಎಷ್ಟು ಸುರಿದರೂ ನೀರು ಸೋಸಿ ಪಾತಾಳ ಸೇರುತ್ತದೆ. ಮೇಲಿನ ಜನಕ್ಕೆ ಗುಂಡಿಗಳಲ್ಲಿ ನಿಂತ ನೀರೇ ಗತಿ. ಬೇಸಿಗೆಯಲ್ಲಿ ಅದೂ ಇಲ್ಲ.

ಪಕ್ಕದ ಇಪ್ಸ್‌ಡೆನ್‌ನಲ್ಲಿ ಹುಟ್ಟಿದ ಎಡ್ವರ್ಡ್ ಆಂಡರ್ಡನ್ ರೀಡ್ ಅನ್ನುವವನು ಉತ್ತರ ಭಾರತದಲ್ಲಿ ದೊಡ್ಡ ಅಧಿಕಾರಿಯಾಗಿದ್ದ. ರಾಜನಿಗೆ ಸ್ನೇಹಿತ. ಮನೆಯಲ್ಲಿ ಉಳಿದಿದ್ದ ಕೊನೇ ನೀರು ಕುಡಿದ ತಪ್ಪಿಗೆ ತನ್ನೂರಿನ ಕಡೆಯ ಹುಡುಗನೊಬ್ಬ ಏಟು ತಿಂದಿದ್ದನ್ನು ಮಾತಿನ ನಡುವೆ ಹೇಳಿದ್ದನಂತೆ. ಮುಂದೆ ಇಂಗ್ಲೆಂಡಿನಲ್ಲಿ ಏನಾದರೂ ಧರ್ಮಕಾರ್ಯ ಮಾಡಬೇಕು ಅನ್ನಿಸಿದಾಗ ರಾಜನಿಗೆ ನೆನಪಾದದ್ದು ಆ ಹುಡುಗ. 1857ರಲ್ಲಿ ಈ ರಾಜ ಬ್ರಿಟಿಷರ ಕಡೆಗಿದ್ದವನು. ಹಾಗಾಗಿ ಇದರಲ್ಲಿ ಸ್ವಲ್ಪ ಓಲೈಕೆಯೂ ಇರಬಹುದು, ಬಿಡು. ಆದರೆ ಬರೀ ಓಲೈಸುವುದಕ್ಕಾದರೆ ಲಂಡನ್‌ನಲ್ಲಿ ಏನಾದರೂ ಕಟ್ಟಿಸುತ್ತಿದ್ದ, ಈ ಕೊಂಪೆಯಲ್ಲಿ ಅಲ್ಲ, ಅಲ್ವಾ?

ಬಾವಿಯ ಬಾಯಿ ಬರೀ 4 ಅಡಿ ಅಗಲ. ಆಳ 368 ಅಡಿ! ನಿನ್ನ ಬೋರ್ ಲೆಕ್ಕದಲ್ಲಿ ಇದು ಏನೂ ಅಲ್ಲ, ಗೊತ್ತು. ಆದರೆ ಇದನ್ನು ಆಳುಗಳು ಒಳಗಿಳಿದು ಕೈಯಲ್ಲೇ ತೋಡಿದ್ದು ಮಾರಾಯ. 1863ರಲ್ಲಿ ಶುರು ಮಾಡಿ, 1864ರ ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನ, ಊರಿಗೆ ಬಿಟ್ಟುಕೊಟ್ಟರು. ಒಂದು ಸಲ ನೀರು ಮೇಲೆ ಬರಲು ಹತ್ತು ನಿಮಿಷ ಹಿಡಿಯುತ್ತಿತ್ತಂತೆ. ಸರದಿಯಲ್ಲಿ ನಿಂತವರು ಅಷ್ಟು ಹೊತ್ತು ಊರಿನ ಸುದ್ದಿಯೆಲ್ಲ ಮಾತಾಡಿ ಮುಗಿಸಿರಬೇಕು.

ನನಗೆ ಜಾಸ್ತಿ ಹಿಡಿಸಿದ್ದು ಪಕ್ಕದ ಚೆರ್ರಿ ತೋಟ. ಹಣ್ಣು ಮಾರಿ ಬಂದ ದುಡ್ಡಿನಲ್ಲಿ ಬಾವಿಯ ಖರ್ಚು ನಡೆಯಲಿ ಅಂತ ನೆಡಿಸಿದ್ದು. ನಮ್ಮಲ್ಲಿ ದೇವಸ್ಥಾನಕ್ಕೆ ಮಾನ್ಯ ಬಿಡುತ್ತಿದ್ದರಲ್ಲ, ಹಾಗೆ. ತೋಟದ ಹೆಸರು ಈಶ್ರೀ ಬಾಗ್! ಬಾವಿ ನೋಡಿಕೊಳ್ಳುವವನಿಗೆ ಅಲ್ಲೇ ಒಂದು ಪುಟ್ಟ ಮನೆ.

ಸುಮಾರು 70 ವರ್ಷ ಊರು ಈ ನೀರು ಕುಡಿಯಿತು. ಆಮೇಲೆ ನಲ್ಲಿ ಬಂತು. 1964ರಲ್ಲಿ ನೂರು ವರ್ಷ ತುಂಬಿದಾಗ ಆಗಿನ ರಾಣಿ ಎಲಿಜಬೆತ್‌ಳ ಗಂಡ ಫಿಲಿಪ್ ಬಂದಿದ್ದ. ಕಾಶಿಯಿಂದ ಗಂಗಾಜಲ ತರಿಸಿ ಬಾವಿಗೆ ಸುರಿದರು.

ಕಂಬಕ್ಕೆ ಒರಗಿ ಸುಮ್ನೆ ಸ್ವಲ್ಪ ಹೊತ್ತು ನಿಂತಿದ್ದೆ. ಮಳೆ ಜಿನುಗುತ್ತಿತ್ತು. ನಿನ್ನ ಹೊಸ ಬೋರ್ ಎಷ್ಟು ಅಡಿಗೆ ಹೋಯಿತು, ನೀರು ಬಿತ್ತಾ? ತಪ್ಪದೆ ಬರೆ.

ಇಂತಿ ನಿನ್ನ ಗೆಳೆಯ